ಫ್ರೀಜರಿನಲ್ಲಿ ಒಂದು ಕುಲಾವಿ

ನನ್ನ ಮೂಗಿನ ಬಗ್ಗೆ ನನಗೆ ಜಂಬವಿತ್ತು. ‘ಇತ್ತು’ ಎಂದು ಹೇಳುವಾಗ ಈಗಲೂ ಹೊಟ್ಟೆ ಉರಿಯುತ್ತದೆ. ಪೀಣ್ಯ ಎರಡನೇ ಹಂತದಲ್ಲಿ ನಾನು ಕೆಲಸ ಮಾಡುವ ಹಣ್ಣಿನ ರಸದ ಕಾರ್ಖಾನೆಯಲ್ಲಿ ಓದಿಕೊಂಡು ಬಂದವರು ಹತ್ತಾರು ಜನ ಇದ್ದರು. ಗಾಜಿನ ಕೋಣೆಯಲ್ಲಿ ದೊಡ್ಡ ದೊಡ್ಡ ಯಂತ್ರಗಳಿದ್ದವು. ಆದರೂ ಮಾವಿನ ತಿರುಳಿನ ಡ್ರಮ್ಮು ತೆರೆದ ಕೂಡಲೇ, “ಅನುಸೂಯಮ್ಮನ್ನ ಕರೀರಿ” ಎನ್ನುತ್ತಿದ್ದರು.

ನಾನು ಓದಿದ್ದು ಏಳನೇ ಕ್ಲಾಸು. ಹಣ್ಣು ಆರಿಸುವ ಸಾಲಿನಲ್ಲಿ ನಿಂತು ಕೊಳೆತದ್ದನ್ನು ತೆಗೆಯಲು ಸೇರಿಕೊಂಡವಳು. ಒಂದು ದಿನ ತೊಳೆದು ಬರುತ್ತಿದ್ದ ಸೀಬೆಹಣ್ಣಿನಲ್ಲಿ ಸೀಮೆಎಣ್ಣೆ ವಾಸನೆ ಇದೆ ಎಂದು ಸಾಲನ್ನೇ ನಿಲ್ಲಿಸಿಬಿಟ್ಟೆ. ಸೂಪರ್‌ವೈಸರು ಎಲ್ಲರೆದುರು ಬೈದರು. ಆಮೇಲೆ ವಿಚಾರಿಸಿದರೆ ಹಣ್ಣು ತಂದ ಲಾರಿಯಲ್ಲಿ ಹಿಂದಿನ ದಿನ ಸೀಮೆಎಣ್ಣೆ ಡ್ರಮ್ಮುಗಳು ಹೋಗಿದ್ದವಂತೆ. ಅದಾದ ವಾರಕ್ಕೆ ನನ್ನನ್ನು ರುಚಿ ನೋಡುವ ತಂಡಕ್ಕೆ ಸೇರಿಸಿದರು. ಬೈದ ಸೂಪರ್‌ವೈಸರು ತಾವೇ ಬಂದು ಹೇಳಿದರು. ನಾನು ಮುಖ ಉಬ್ಬಿಸಿಕೊಂಡೇ ಒಪ್ಪಿದೆ.

ರುಚಿ ನೋಡುವುದೆಂದರೆ ಕುಡಿದು ಚಪ್ಪರಿಸುವುದಲ್ಲ. ಮೂರು ಪುಟ್ಟ ಲೋಟ ಇಡುತ್ತಾರೆ. ಲೋಟದ ಮೇಲೆ ನಂಬರು ಮಾತ್ರ ಇರುತ್ತದೆ. ಎರಡರಲ್ಲಿ ಒಂದೇ ರಸ, ಒಂದರಲ್ಲಿ ಬೇರೆ. ಬೇರೆ ಯಾವುದು ಎಂದು ಹೇಳಬೇಕು, ಏನು ವಾಸನೆ ಎಂದು ಪಕ್ಕದಲ್ಲಿ ಬರೆಯಬೇಕು. ಬಣ್ಣ ನೋಡಿ ಹೇಳಿಬಿಡುತ್ತಾರೆಂದು ಕೆಂಪು ಬಲ್ಬು ಹಾಕಿರುತ್ತಾರೆ. ವಾರಕ್ಕೆ ಎರಡು ದಿನ ಈ ಪರೀಕ್ಷೆ; ಆ ದಿನ ಈರುಳ್ಳಿ ತಿನ್ನುವಂತಿಲ್ಲ, ಎಲೆಅಡಿಕೆ ಹಾಕುವಂತಿಲ್ಲ, ವಾಸನೆ ಸೋಪು ಬಳಸುವಂತಿಲ್ಲ, ಹೂವು ಮುಡಿಯುವಂತಿಲ್ಲ. ಮದುವೆಯಾದಾಗಿನಿಂದ ಬರಿದಲೆಯಲ್ಲಿ ಹೊಸಿಲು ದಾಟದ ನಾನು ಮಂಗಳವಾರ, ಶುಕ್ರವಾರವೇ ಬೋಳು ತುರುಬಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ. ಟಿ. ದಾಸರಹಳ್ಳಿಯ ಬಸ್‌ಸ್ಟಾಪಿನಲ್ಲಿ ಒಬ್ಬಾಕೆ ಗಾಬರಿಯಿಂದ, “ಯಜಮಾನ್ರು ಚೆನ್ನಾಗಿದ್ದಾರಾ ಅಕ್ಕ?” ಎಂದು ಕೇಳಿದ್ದೂ ಉಂಟು. ನಮ್ಮ ಯಜಮಾನರು ಚಿನ್ನಪ್ಪನವರು ಆ ಹೊತ್ತಿಗೆ ಮನೆಯಲ್ಲಿ ಮೂರನೇ ಸಲ ತಿಂಡಿ ತಿನ್ನುತ್ತಿದ್ದರು.

ಎರಡು ಸಾವಿರದ ಹದಿಮೂರರ ಸಂಕ್ರಾಂತಿಗೆ ನನಗೆ ಜ್ವರ ಬಂತು. ಹತ್ತು ದಿನ ಮಲಗಿದೆ. ಹನ್ನೊಂದನೇ ದಿನ ಎದ್ದು ಕಾಫಿ ಕುಡಿದರೆ ಬಿಸಿನೀರು ಕುಡಿದಂತಿತ್ತು. ಡಿಕಾಕ್ಷನ್ ತೆಳ್ಳಗಾಗಿದೆ ಎಂದು ಯಜಮಾನರ ಮೇಲೆ ರೇಗಿದೆ. ಬಸ್ಸಿಗೆಂದು ಹೋದೆ. ದಾಸರಹಳ್ಳಿಯ ದೊಡ್ಡ ಮೋರಿ ದಾಟುವಾಗ ಎಲ್ಲರೂ ಸೆರಗು, ಕರ್ಚೀಫು ಮೂಗಿಗೆ ಹಿಡಿದರು. ನಾನೊಬ್ಬಳು ದೇವಸ್ಥಾನದಲ್ಲಿ ನಿಂತವಳಂತೆ ನಿಂತಿದ್ದೆ. ಆ ಮೋರಿಯೇ ನಾರಲಿಲ್ಲ ಎಂದ ಮೇಲೆ ತಪ್ಪು ಮೋರಿಯದಲ್ಲ ಎಂದು ಗೊತ್ತಾಯಿತು.

ಯಾರಿಗೂ ಹೇಳಲಿಲ್ಲ. ನೆಗಡಿ ಇದ್ದರೂ ಹೇಳಬೇಕು ಎನ್ನುವುದು ತಂಡದ ಮೊದಲ ನಿಯಮ. ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ ಎಂದುಕೊಂಡೆ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಭಯ ಬೇರೆ. ಮತ್ತೆ, ಸುಳ್ಳೇಕೆ, ಆ ಕೆಂಪು ಬಲ್ಬಿನ ಮೇಜಿನ ಮುಂದೆ ನಾನು ಯಾರೋ ಆಗಿದ್ದೆ. ಅಲ್ಲಿಂದ ಎದ್ದು ಬರಲು ಮನಸ್ಸಾಗಲಿಲ್ಲ.

ಬುದ್ಧಿವಂತಿಕೆಗೇನೂ ಬರಗಾಲವಿರಲಿಲ್ಲ. ಪೌಚ್ ಪ್ಯಾಕ್ ಮಾಡುವ ಯಂತ್ರದ ಬೈರಪ್ಪ ತಂಡದಲ್ಲಿ ನನ್ನ ಪಕ್ಕದವನು. ನಮ್ಮಿಬ್ಬರ ನಡುವೆ ರಟ್ಟಿನ ತಡಿಕೆಯೊಂದಿತ್ತು. ಅವನಿಗೆ ಒಂದು ಅಭ್ಯಾಸ, ಬೇರೆ ರುಚಿಯ ಲೋಟ ಬಾಯಿಗೆ ಬಂದರೆ ಗಂಟಲಲ್ಲಿ ‘ಹ್ಞೂಂ’ ಎನ್ನುತ್ತಾನೆ. ಅವನಿಗೇ ಗೊತ್ತಿಲ್ಲ. ಎಡದಿಂದ ಎಷ್ಟನೇ ಲೋಟಕ್ಕೆ ‘ಹ್ಞೂಂ’ ಬಂತು ಎಂದು ಕೇಳಿಸಿಕೊಂಡು ನಾನೂ ಅದನ್ನೇ ಬರೆಯುತ್ತಿದ್ದೆ. ಎಲ್ಲರಿಗೂ ಒಂದೇ ಸಾಲಿನಲ್ಲಿ ಲೋಟ ಜೋಡಿಸುವುದು ನಮ್ಮ ಲ್ಯಾಬಿನ ಸೋಮಾರಿತನ. ಹೀಗೆ ನಾಲ್ಕು ತಿಂಗಳು ಬೈರಪ್ಪನ ಗಂಟಲು ನನ್ನ ಮಾನ ಕಾಪಾಡಿತು.

ಆದರೆ ಮನೆಯಲ್ಲಿ ಯಾರ ಗಂಟಲೂ ಸಹಾಯಕ್ಕೆ ಬರಲಿಲ್ಲ. ಮಾರ್ಚಿನಲ್ಲಿ ನನ್ನ ಮಗಳು ವೇಣಿಗೆ ಹೆಣ್ಣುಮಗುವಾಯಿತು. ಅವಳ ಗಂಡ ಲೋಕೇಶನಿಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ. ಚೊಚ್ಚಲು ಹೆರಿಗೆ, ತವರಿಗೆ ಬಂದಿದ್ದಳು. ಐದು ತಿಂಗಳ ಬಾಣಂತನ ಮುಗಿಸಿ ಕಳಿಸುವುದೆಂದು ಮಾತಾಗಿತ್ತು. ಮಗುವಿಗೆ ಇಂಚರ ಎಂದು ಹೆಸರಿಟ್ಟರು.

ಮಗುವನ್ನು ಎತ್ತಿಕೊಂಡವರು ಮೊದಲು ಏನು ಮಾಡುತ್ತಾರೆ ನೋಡಿ. ಕಣ್ಣು ನೋಡುವುದಿಲ್ಲ, ಬಣ್ಣ ನೋಡುವುದಿಲ್ಲ. ನೆತ್ತಿಗೆ ಮೂಗು ಒತ್ತುತ್ತಾರೆ. ಬಂದವರೆಲ್ಲ ಮೂಸಿದರು. ಪಕ್ಕದ ಮನೆಯವರು ಮೂಸಿದರು. ಮೀಸೆ ಚುಚ್ಚುತ್ತದೆ ಎಂದು ಬೈಸಿಕೊಂಡು ಯಜಮಾನರೂ ಮೂಸಿದರು. ದಿನಾ ಎಣ್ಣೆ ಹಚ್ಚಿ, ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು, ಕುಲಾವಿ ಕಟ್ಟಿ ಮಲಗಿಸುತ್ತಿದ್ದವಳು ನಾನು. ನನಗೊಬ್ಬಳಿಗೆ ಅದು ಬೆಚ್ಚಗಿನ ಬಟ್ಟೆಯ ಗಂಟು. ಕಣ್ಣು ಮುಚ್ಚಿದರೆ ನನ್ನ ಮಡಿಲಲ್ಲಿ ಇರುವುದು ಯಾರ ಮಗು ಎಂದು ಗೊತ್ತಾಗುತ್ತಿರಲಿಲ್ಲ. ವೇಣಿ ಹುಟ್ಟಿದಾಗ ನಾನು ಹೆರಿಗೆ ವಾರ್ಡಿನ ಕತ್ತಲೆಯಲ್ಲೂ ನೆತ್ತಿ ಮೂಸಿ ನನ್ನದು ಎಂದು ಎತ್ತಿಕೊಂಡವಳು.

“ಅಮ್ಮಾ, ನೆತ್ತಿ ಹತ್ರ ನೋಡು, ಏನ್ ವಾಸನೆ ಅಲ್ವಾ? ತಿಂದ್ಬಿಡೋಣ ಅನ್ಸುತ್ತೆ,” ಎಂದಳು ವೇಣಿ.

“ಹೂಂ ಕಣೆ, ಚೆನ್ನಾಗಿದೆ,” ಎಂದೆ.

ಅಂದು ಬಚ್ಚಲಿಗೆ ಹೋಗಿ ಹಂಡೆಯ ಮುಂದೆ ಕೂತು ಅತ್ತೆ. ಹೊಗೆಗೆ ಕಣ್ಣುರಿ ಎಂದು ಎಲ್ಲರೂ ತಿಳಿದರು. ಹೊಗೆ ಇದೆ ಎಂದು ನನಗೆ ಗೊತ್ತಾಗಿದ್ದೂ ಕಣ್ಣಿನಿಂದಲೇ.

ಕಾರ್ಖಾನೆಯಲ್ಲಿ ಆಗ ಸಿದ್ದಾರ್ಥ್ ಎಂಬ ಹುಡುಗ ಫುಡ್ ಟೆಕ್ನಾಲಜಿ ಓದಿಕೊಂಡು ಬಂದು ಎರಡು ವರ್ಷವಾಗಿತ್ತು. ದಾವಣಗೆರೆಯವರು, ತಂದೆ ವಕೀಲರು. ಜಾಲಹಳ್ಳಿ ಕ್ರಾಸಿನ ಅಪಾರ್ಟ್‌ಮೆಂಟಿನಲ್ಲಿ ಅಕ್ಕನ ಮನೆಯಲ್ಲಿದ್ದರು. ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವರು, ಆದರೂ ನಾನು ಸಾರ್ ಎನ್ನುತ್ತಿದ್ದೆ. ಅವರಿಗೆ ಒಂದೇ ಹುಚ್ಚು. ರಸವನ್ನು ಕಾಯಿಸದೆ ಕೆಡದಂತೆ ಇಡಬೇಕು.

ನಾವು ಮಾಡುತ್ತಿದ್ದದ್ದು ಎಲ್ಲರೂ ಮಾಡುವುದನ್ನೇ. ರಸವನ್ನು ತೊಂಬತ್ತೈದು ಡಿಗ್ರಿಗೆ ಅರ್ಧ ನಿಮಿಷ ಕಾಯಿಸಿ, ತಟ್ಟನೆ ತಣಿಸಿ, ಗಾಳಿ ಸೋಕದಂತೆ ತುಂಬುವುದು. ಆರು ತಿಂಗಳು ಕೆಡುವುದಿಲ್ಲ. ಆದರೆ ಸೀಬೆಹಣ್ಣಿನ ರಸ ಕಾಯಿಸಿದರೆ ಸೀಬೆ ಎಲ್ಲೋ ಹೋಗಿ ಪಲ್ಯದ ವಾಸನೆ ಬರುತ್ತದೆ. ಸಿದ್ದಾರ್ಥ್ ಸಾರ್ ಹೇಳುತ್ತಿದ್ದ ವಿಧಾನದಲ್ಲಿ ಬೆಂಕಿಯೇ ಇಲ್ಲ. ರಸ ತುಂಬಿದ ಬಾಟಲಿಗಳನ್ನು ಉಕ್ಕಿನ ಕೊಳವೆಯೊಳಗೆ ನೀರಿನಲ್ಲಿ ಮುಳುಗಿಸಿ ಒತ್ತುತ್ತಾರೆ. ಸಮುದ್ರದ ಅತಿ ಆಳದ ತಳದಲ್ಲಿ ಇರುವುದಕ್ಕಿಂತ ಐದಾರು ಪಟ್ಟು ಒತ್ತಡ. ಎಲ್ಲ ಕಡೆಯಿಂದ ಒಂದೇ ಸಮ ಒತ್ತುವುದರಿಂದ ಬಾಟಲಿ ಒಡೆಯುವುದಿಲ್ಲ, ಒಳಗಿನ ಕ್ರಿಮಿ ಸಾಯುತ್ತದೆ, ಪರಿಮಳ ಮಾತ್ರ ಉಳಿಯುತ್ತದೆ.

“ಮರದಿಂದ ಈಗ ತಾನೇ ಕಿತ್ತಂಗೆ ಇರುತ್ತೆ ನೋಡ್ರಿ ಅನುಸೂಯಮ್ಮ. ನಲವತ್ತು ದಿನ ಆದ್ಮೇಲೂ,” ಎನ್ನುತ್ತಿದ್ದರು. ಹೇಳುವಾಗ ಅವರ ಮುಖ ನೋಡಬೇಕು, ಅವರೇ ಮರ ಹತ್ತಿ ಕಿತ್ತು ತಂದವರಂತೆ.

ಆ ಯಂತ್ರ ನಮ್ಮಲ್ಲಿರಲಿಲ್ಲ. ಹೊರಗಿನ ಲ್ಯಾಬಿಗೆ ಐಸ್ ಪೆಟ್ಟಿಗೆಯಲ್ಲಿ ಬಾಟಲಿ ಕಳಿಸಿ ಒತ್ತಿಸಿ ತರಿಸಿದರು. ರುಚಿ ತಂಡ ಮೆಚ್ಚಿದರೆ ಯಂತ್ರದ ವಿಚಾರ ಮಾಡೋಣ ಎಂದು ಮಾಲೀಕರು ಹೇಳಿದ್ದರು. ಜೂನ್ ಮೊದಲ ವಾರ ಪರೀಕ್ಷೆ. ಎರಡು ಲೋಟದಲ್ಲಿ ಕಾಯಿಸಿದ ರಸ, ಒಂದರಲ್ಲಿ ಒತ್ತಿದ್ದು. ಅಂದೇ ಬೈರಪ್ಪ ಭಾವಮೈದುನನ ಗೃಹಪ್ರವೇಶಕ್ಕೆ ಹೋಗಿದ್ದ. ನನ್ನ ಪಕ್ಕದ ಕುರ್ಚಿ ಖಾಲಿ.

ಮೂರು ಲೋಟವೂ ನನ್ನ ಬಾಯಲ್ಲಿ ಸಕ್ಕರೆ ನೀರು. ಮೂಗು ಸರಿಯಿಲ್ಲ ಎಂದು ಹೇಳಿ ಎದ್ದುಬಿಡಬಹುದಿತ್ತು. ಏಳಲಿಲ್ಲ. ಮೊದಲ ಲೋಟವನ್ನು ಬೇರೆ ಎಂದು ಗುರುತು ಹಾಕಿದೆ. ಏನಾದರೂ ಬರೆಯಬೇಕಲ್ಲ ಎಂದು ಕೊನೆಯದರ ಮುಂದೆ ‘ಸ್ವಲ್ಪ ಬೆಂದ ವಾಸನೆ’ ಎಂದು ಬರೆದೆ. ಆ ಕೊನೆಯದೇ ಒತ್ತಿದ ರಸವಾಗಿತ್ತು.

ಏಳು ಜನ ರುಚಿ ನೋಡಿದ್ದೆವು. ಆರು ಜನ ಸರಿಯಾಗಿ ಗುರುತಿಸಿ, ತಾಜಾ ಹಣ್ಣಿನ ಹಾಗಿದೆ ಎಂದು ಬರೆದಿದ್ದರು. ಬೇರೆ ಯಾರಾದರೂ ಆಗಿದ್ದರೆ ಆರು ಜನರ ಮಾತು ಹಿಡಿದು ಮಾಲೀಕರ ಬಳಿ ಓಡುತ್ತಿದ್ದರು. ಸಿದ್ದಾರ್ಥ್ ಸಾರ್ ನನ್ನ ಚೀಟಿಯೊಂದನ್ನೇ ಹಿಡಿದು ಕೂತರು.

“ಆ ಆರು ಮಂದಿಗೆ ಗೊತ್ತಾಗದೆ ಇರೋದು ಅನುಸೂಯಮ್ಮಗೆ ಗೊತ್ತಾಗಿದೆ. ಎಲ್ಲೋ ಬಿಸಿ ತಾಗಿದೆ,” ಎಂದು ಮಾಲೀಕರಿಂದ ಒಂದು ತಿಂಗಳು ಸಮಯ ಕೇಳಿಕೊಂಡರು. ಮತ್ತೆ ಬಾಟಲಿ ಕಳಿಸಿದರು. ಐಸ್ ಹೆಚ್ಚು ಹಾಕಿಸಿದರು. ದಾರಿಯುದ್ದಕ್ಕೂ ಪೆಟ್ಟಿಗೆಯ ಜೊತೆ ತಾವೇ ವ್ಯಾನಿನಲ್ಲಿ ಕೂತು ಹೋದರು. ಬಾಟಲಿಯ ಮೇಲೆ ಬಾಟಲಿ ತೆರೆದು ಮೂಸುತ್ತಿದ್ದರು. ನಾನು ಬರೆದ ಬೆಂದ ವಾಸನೆಯನ್ನು ಹುಡುಕುತ್ತಿದ್ದರು. ಇಲ್ಲದ್ದು ಸಿಗುವುದು ಹೇಗೆ?

ಒಂದು ಮಧ್ಯಾಹ್ನ ಲ್ಯಾಬಿನ ಬಾಗಿಲಲ್ಲಿ ನಿಂತು ನೋಡಿದೆ. ಹದಿನೈದು ಇಪ್ಪತ್ತು ಬಾಟಲಿ ಸಾಲಾಗಿ ತೆರೆದಿಟ್ಟುಕೊಂಡು ತಲೆ ಹಿಡಿದು ಕೂತಿದ್ದರು. ನನ್ನನ್ನು ಕಂಡು, “ಬರ್ರಿ ಅಮ್ಮ, ಇದ್ರಲ್ಲಿ ಯಾವುದ್ರಲ್ಲಿ ಬರ್ತದೆ ತೋರಿಸ್ರಿ, ನನ್ನ ಮೂಗಿಗೆ ಏನೂ ಸಿಗ್ತಿಲ್ಲ,” ಎಂದರು. ನನಗೆ ತಡೆಯಲಾಗಲಿಲ್ಲ.

“ಸಾರ್, ನನ್ನ ಮೂಗು ಸತ್ತೋಗಿದೆ.”

“ನೆಗಡಿಯಾ?”

“ಇಲ್ಲ ಸಾರ್. ಸಂಕ್ರಾಂತಿಯಿಂದ ಏನೂ ಗೊತ್ತಾಗ್ತಿಲ್ಲ. ಅವತ್ತು ಸುಮ್ನೆ ಬರೆದ್ಬಿಟ್ಟೆ.”

ಅವರು ಬಾಟಲಿಗಳನ್ನು ನೋಡಿದರು. ನನ್ನನ್ನು ನೋಡಿದರು. “ಮೂರು ವಾರ ನಾನು ಸರಿಯಾಗಿ ಊಟ ಮಾಡಿಲ್ಲ ಅನುಸೂಯಮ್ಮ,” ಎಂದರು. ಬೈಯಲಿ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಅವರು ಬೆರಳಲ್ಲಿ ಏನೋ ಲೆಕ್ಕ ಹಾಕಿ, ಮೆಲ್ಲಗೆ ಕೇಳಿದರು: “ನಿಮ್ಮ ಮೊಮ್ಮಗಳು ಹುಟ್ಟಿದ್ದು ಮಾರ್ಚ್‌ನಲ್ಲಿ ಅಲ್ವಾ? ಸಿಹಿ ಕೊಟ್ಟಿದ್ರಿ.”

ಅಷ್ಟೇ ಕೇಳಿದ್ದು. ನಾನು ಆ ಬಾಟಲಿಗಳ ಮುಂದೆ ಕೂತು ಚಿಕ್ಕ ಹುಡುಗಿಯ ಹಾಗೆ ಅತ್ತುಬಿಟ್ಟೆ.

ಮರುದಿನ ಅವರೇ ಕಿವಿ, ಮೂಗು, ಗಂಟಲಿನ ಡಾಕ್ಟರ ಬಳಿ ಕರೆದುಕೊಂಡು ಹೋದರು. ಡಾಕ್ಟರು ಮೂಗಿಗೆ ಲೈಟು ಬಿಟ್ಟು ನೋಡಿ, “ಜ್ವರ ಬಿಟ್ಟ ತಕ್ಷಣ ಬಂದಿದ್ರೆ ಏನಾದ್ರೂ ಪ್ರಯತ್ನ ಮಾಡಬಹುದಿತ್ತು. ಆರು ತಿಂಗಳು ಏನ್ ಮಾಡ್ತಿದ್ರಿ?” ಎಂದರು. ಬೈರಪ್ಪನ ಗಂಟಲು ಕೇಳುತ್ತಿದ್ದೆ ಎಂದು ಹೇಗೆ ಹೇಳಲಿ? ಲವಂಗ, ನಿಂಬೆ, ನೀಲಗಿರಿ ಎಣ್ಣೆ, ಗುಲಾಬಿ, ಇವನ್ನು ಬೆಳಗ್ಗೆ ಸಂಜೆ ಮೂಸಿ ಅಭ್ಯಾಸ ಮಾಡಿ ಎಂದರು. ಬಂದರೂ ಬರಬಹುದು, ಬರದೆಯೂ ಇರಬಹುದು. ವರ್ಷ ಹಿಡಿಯಬಹುದು, ಎರಡೂ ಹಿಡಿಯಬಹುದು.

ವರ್ಷ ಎಂದಾಗ ನಾನು ವಾರಗಳನ್ನು ಎಣಿಸಿದೆ. ಇಂಚರ ಹೊರಡಲು ಉಳಿದದ್ದು ಆರು ವಾರ. ಹಸುಗೂಸಿನ ವಾಸನೆ ಎಷ್ಟು ದಿನ? ಹಲ್ಲು ಬಂದು, ಅನ್ನ ತಿಂದು, ಮಣ್ಣಿನಲ್ಲಿ ಆಡತೊಡಗಿದರೆ ಮುಗಿಯಿತು. ನನ್ನ ಮೂಗು ಬರುವ ಹೊತ್ತಿಗೆ ಆ ವಾಸನೆಯೇ ಭೂಮಿಯ ಮೇಲೆ ಇರುವುದಿಲ್ಲ.

ಮನೆಯಲ್ಲಿ ಹೇಳಿದೆ. ಯಜಮಾನರು, “ಅದ್ಕೇ ಅನ್ನು, ಸಾರಿಗೆ ಇಂಗು ಸುರೀತಿದ್ದೆ ಹಿಂಗೆ,” ಎಂದರು. ವೇಣಿ ಮಗುವಿನ ನೆತ್ತಿ ಸವರುತ್ತ, “ಚೆನ್ನಾಗಿದೆ ಅಂದ್ಯಲ್ಲಮ್ಮಾ,” ಎಂದಳು.

ರುಚಿ ತಂಡದಿಂದ ನನ್ನನ್ನು ತೆಗೆದು, ಬೆಳಕಿನ ಪರದೆಯ ಮುಂದೆ ಹಾದುಹೋಗುವ ಬಾಟಲಿಗಳಲ್ಲಿ ಕಸಕಡ್ಡಿ ಇದೆಯೇ ಎಂದು ನೋಡುವ ಕೆಲಸಕ್ಕೆ ಹಾಕಿದರು. ಬಾಟಲಿ ನೋಡುತ್ತ ನೋಡುತ್ತಲೇ ನನಗೆ ಆ ಯೋಚನೆ ಹೊಳೆದದ್ದು. ಹಣ್ಣಿನ ಪರಿಮಳವನ್ನೇ ತಿಂಗಳುಗಟ್ಟಲೆ ಹಿಡಿದಿಡುವ ಜನ ನಾವು. ಅದೇ ನಮ್ಮ ಕಸುಬು. ಊಟದ ಬಿಡುವಿನಲ್ಲಿ ಸಿದ್ದಾರ್ಥ್ ಸಾರ್ ಹತ್ತಿರ ಹೋದೆ.

“ಸಾರ್, ಬಟ್ಟೆಯಲ್ಲಿರೋ ವಾಸನೇನ ಕೆಡದ ಹಾಗೆ ಇಡೋಕೆ ಆಗುತ್ತಾ?”

ನಗುತ್ತಾರೆ ಎಂದುಕೊಂಡಿದ್ದೆ. ಅವರು ಪೆನ್ನು ತೆಗೆದುಕೊಂಡರು. “ಗಾಳಿ ಇರಬಾರದು, ಬೆಳಕು ಇರಬಾರದು, ಬಿಸಿ ಇರಬಾರದು. ಅಲ್ಯೂಮಿನಿಯಂ ಪೌಚ್‌ಗೆ ಹಾಕಿ, ಒಳಗಿನ ಗಾಳಿ ತೆಗೆದು ನೈಟ್ರೋಜನ್ ತುಂಬಿ ಸೀಲ್ ಮಾಡಿ ಡೀಪ್ ಫ್ರೀಜರ್‌ನಲ್ಲಿ ಇಡಬಹುದು. ಪೌಚ್ ಒಳಗಡೆ ಪ್ಲಾಸ್ಟಿಕ್ ಪದರ ಇರ್ತದೆ, ಅದು ಸ್ವಲ್ಪ ವಾಸನೆ ಕುಡಿಯುತ್ತೆ. ಇನ್ನೊಂದು ಮಾತು ನೋಡ್ರಿ. ತೆರೆದಾಗ ಮೊದಲನೇ ಉಸಿರೇ ಎಲ್ಲ. ಎರಡನೇ ಸಲಕ್ಕೆ ಅರ್ಧ ಹಾರಿಹೋಗಿರ್ತದೆ.”

“ಎಷ್ಟು ದಿನ ಇರುತ್ತೆ ಸಾರ್?”

“ಗೊತ್ತಿಲ್ಲಮ್ಮ. ಇದ್ರ ಮೇಲೆ ಯಾರೂ ಸ್ಟಡಿ ಮಾಡಿಲ್ಲ.”

ಆಗಸ್ಟಿನಲ್ಲಿ ವೇಣಿ, ಮಗು ಹೊರಡುವ ಹಿಂದಿನ ದಿನ. ಮಗು ಎರಡು ರಾತ್ರಿ ಹಾಕಿಕೊಂಡು ಮಲಗಿದ್ದ ಬಿಳಿ ಕುಲಾವಿಯನ್ನು ನೀರು ಹಾಕುವ ಮೊದಲು ಬಿಚ್ಚಿ, ಕೈ ತಾಗದಂತೆ ಸ್ಟೀಲ್ ಡಬ್ಬಿಗೆ ಹಾಕಿಕೊಂಡೆ. ಒಗೆಯದ ಕುಲಾವಿಯನ್ನು ಎಲ್ಲಿಗೆ ಒಯ್ಯುತ್ತೀಯ ಎಂದು ವೇಣಿ ಕೇಳಿದಳು. ಹೇಳಿದೆ.

“ಜ್ಯೂಸ್ ಥರ ನನ್ನ ಮಗೂನ ಪ್ಯಾಕ್ ಮಾಡ್ತೀಯಾ?” ಎಂದು ನಕ್ಕಳು. ನಗುನಗುತ್ತಲೇ ಕಣ್ಣು ಒರೆಸಿಕೊಂಡಳು.

ಕಾರ್ಖಾನೆಯಲ್ಲಿ ಬೈರಪ್ಪ ತನ್ನ ಯಂತ್ರವನ್ನು ಎರಡು ಸಲ ಒರೆಸಿ, ಕೈಗೆ ಹೊಸ ಗ್ಲೌಸ್ ಹಾಕಿಕೊಂಡು ನಿಂತಿದ್ದ. ಕುಲಾವಿಯನ್ನು ಇಕ್ಕಳದಲ್ಲಿ ಹಿಡಿದು ಪೌಚಿಗೆ ಹಾಕಿದ. ಹಾಕುವ ಮೊದಲು ಅವನಿಗರಿವಿಲ್ಲದೆ ಗಂಟಲಲ್ಲಿ ‘ಹ್ಞೂಂ’ ಎಂದ. ನಾನು ಆ ಸದ್ದಿಗಾಗಿ ಅವನ ಕೈ ಹಿಡಿದು ಮುತ್ತಿಡಬಹುದಿತ್ತು. ಪೌಚು ಉಬ್ಬಿ, ಬಾಯಿ ಬೆಸೆದುಕೊಂಡು ಹೊರಬಂತು. ಅದರ ಮೇಲೆ ಬ್ಯಾಚ್ ನಂಬರು, ತಾರೀಕು ಮುದ್ರೆಯಾಯಿತು. ಬಳಸಲು ಕೊನೆಯ ದಿನ ಎಂಬ ಜಾಗವನ್ನು ಸಿದ್ದಾರ್ಥ್ ಸಾರ್ ಖಾಲಿ ಬಿಡಿಸಿದರು. ಆಮೇಲೆ ಅದನ್ನು ಲ್ಯಾಬಿನ ಡೀಪ್ ಫ್ರೀಜರಿನಲ್ಲಿ, ಕೆಳಗಿನ ಅರೆಯಲ್ಲಿ, ತಮ್ಮ ಸೀಬೆ ರಸದ ಬಾಟಲಿಗಳ ಹಿಂದೆ ಇಟ್ಟರು.

ಮರುದಿನ ಯಶವಂತಪುರದಲ್ಲಿ ರೈಲು ಹತ್ತಿಸುವಾಗ ಮತ್ತೊಮ್ಮೆ ನೆತ್ತಿಗೆ ಮೂಗಿಟ್ಟೆ. ಏನೂ ಇಲ್ಲ. ಆದರೆ ನನ್ನ ಪಾಲಿನದು ಫ್ರೀಜರಿನಲ್ಲಿದೆ ಎಂದುಕೊಂಡೆ. ಆ ಧೈರ್ಯದಲ್ಲಿ ಅಳಲಿಲ್ಲ.

ಆಮೇಲೆ ದಿನಕ್ಕೆರಡು ಸಲ ಲವಂಗ, ನಿಂಬೆ, ನೀಲಗಿರಿ, ಗುಲಾಬಿ. ಮೊದಲ ಹುಟ್ಟುಹಬ್ಬಕ್ಕೆ ತೋರಣಗಲ್ಲಿಗೆ ಹೋದಾಗಲೂ ಮೂಗು ಖಾಲಿ. ಸಿದ್ದಾರ್ಥ್ ಸಾರ್ ಪರೀಕ್ಷೆಯನ್ನು ಮತ್ತೆ ಮಾಡಿಸಿದ್ದರು, ಎಲ್ಲರೂ ಮೆಚ್ಚಿದ್ದರು. ಮಾಲೀಕರು ನೋಡೋಣ ಎಂದರು. ವರ್ಷವಿಡೀ ನೋಡೋಣ ಎಂದೇ ಹೇಳುತ್ತಿದ್ದರು. ಕೊನೆಗೆ ಎಲೆಕ್ಟ್ರಾನಿಕ್ ಸಿಟಿ ಕಡೆಯ ಬೇರೊಂದು ಕಂಪನಿಯಲ್ಲಿ ಅಂಥ ಯಂತ್ರ ಹಾಕುತ್ತಾರೆಂದು ಸಾರ್ ಹೊರಟರು. ಹೋಗುವ ದಿನ ಐಸ್ ಪೆಟ್ಟಿಗೆಯಲ್ಲಿ ನನ್ನ ಪೌಚ್ ತಂದು ಕೊಟ್ಟರು.

“ಮನೆ ಫ್ರಿಜ್‌ನಲ್ಲಿ ಇಟ್ಕೊಳ್ರಿ ಅಮ್ಮ. ನಾನು ಹೋದ್ಮೇಲೆ ಯಾರಾದ್ರೂ ಫ್ರೀಜರ್ ಕ್ಲೀನ್ ಮಾಡ್ತೀವಿ ಅಂತ ಎಸೆದುಬಿಡ್ತಾರೆ.”

“ನಾನು ನಿಮ್ಮ ಒಂದು ತಿಂಗಳು ಹಾಳು ಮಾಡಿದೆ ಸಾರ್,” ಎಂದೆ.

“ಆ ತಿಂಗಳಲ್ಲಿ ಐಸ್ ಎಷ್ಟು ಹಾಕ್ಬೇಕು ಅಂತ ಕಲಿತೆ,” ಎಂದರು. ಒಳ್ಳೆಯ ಹುಡುಗ. ನನ್ನ ಸಮಾಧಾನಕ್ಕೆ ಹೇಳಿದ್ದು ಎಂದು ಗೊತ್ತಿತ್ತು, ಆದರೂ ಸಮಾಧಾನವಾಯಿತು.

ಅಂದಿನಿಂದ ಪೌಚು ನಮ್ಮ ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿ. ಕರೆಂಟು ಹೋದರೆ ನಾನು ಫ್ರಿಜ್ಜಿನ ಬಾಗಿಲಿಗೆ ಕಾವಲು ನಿಲ್ಲುತ್ತಿದ್ದೆ. ತಣ್ಣೀರು ಬೇಕೆಂದು ಯಜಮಾನರು ಬಂದರೆ ಮಡಕೆಯ ಕಡೆ ಕೈ ತೋರಿಸುತ್ತಿದ್ದೆ.

ಎರಡು ಸಾವಿರದ ಹದಿನಾಲ್ಕರ ದೀಪಾವಳಿ ಕಳೆದು ಕೆಲವು ದಿನಕ್ಕೆ ಮೂಗು ಬಂತು. ಬಂತು ಎನ್ನಬೇಕೋ ಬೇಡವೋ. ಬೆಳಗ್ಗೆ ಕಾಫಿ ಎತ್ತಿದರೆ ಟೈರು ಸುಟ್ಟ ವಾಸನೆ. ಲೋಟ ಕೆಳಗಿಟ್ಟು ಕುಣಿದಾಡಿದೆ, ಏನೋ ಒಂದು ಬಂತಲ್ಲ ಎಂದು. ಆಮೇಲೆ ಕೊತ್ತಂಬರಿಯೂ ಸುಟ್ಟ ವಾಸನೆ, ಮಲ್ಲಿಗೆಯೂ ಸುಟ್ಟ ವಾಸನೆ, ಮೈಸೋಪೂ ಸುಟ್ಟ ವಾಸನೆ. ಡಾಕ್ಟರು ಇದು ಒಳ್ಳೆಯ ಲಕ್ಷಣ ಎಂದರು. ನರ ಚಿಗುರುತ್ತಿದೆಯಂತೆ, ತಂತಿ ಅದಲುಬದಲಾಗಿ ಸೇರಿದೆಯಂತೆ. ಸರಿಹೋಗಲೂಬಹುದು, ಹೀಗೇ ಉಳಿಯಲೂಬಹುದು.

ಆಗ ನಿರ್ಧಾರ ಮಾಡಿದೆ. ಪೂರ್ತಿ ಸರಿಹೋಗುವವರೆಗೆ ಪೌಚು ತೆರೆಯುವುದಿಲ್ಲ. ಇರುವುದೇ ಒಂದು ಉಸಿರು, ಅದನ್ನು ಈ ಕೊಳಕು ಮೂಗಿಗೆ ಕೊಡಲಾರೆ. ಅಷ್ಟೇ ಅಲ್ಲ, ಮಗುವನ್ನೂ ಮೂಸುವುದಿಲ್ಲ. ನನ್ನ ಮೊಮ್ಮಗಳ ಮೊದಲ ವಾಸನೆ ನನಗೆ ಸುಟ್ಟ ಟೈರು ಆಗಬಾರದು. ಒಂದು ಸಲ ಅದು ಮನಸ್ಸಿನಲ್ಲಿ ಕೂತರೆ ಏಳುತ್ತದೆಯೇ?

ಮರುವರ್ಷದ ಗೌರಿ ಹಬ್ಬಕ್ಕೆ ವೇಣಿ ಮಗುವನ್ನು ಕರೆದುಕೊಂಡು ಬಂದಳು. ಇಂಚರಳಿಗೆ ಎರಡೂವರೆ ವರ್ಷ, ಬಾಯಿ ತುಂಬ ಮಾತು. “ಅಜ್ಜೀ” ಎಂದು ಬಾಗಿಲಿನಿಂದಲೇ ಓಡಿ ಬಂದು ಕೈ ಚಾಚಿದಳು. ನಾನು ಬಗ್ಗಿ ಅವಳ ಎರಡೂ ಕೈ ಹಿಡಿದುಕೊಂಡೆ. ಎತ್ತಿಕೊಳ್ಳಲಿಲ್ಲ. ಸೊಂಟ ನೋವು ಎಂದೆ. ಎರಡು ದಿನ ಹಾಗೇ ಕಳೆಯಿತು. ಊಟ ಮಾಡಿಸಿದೆ, ಬಳೆ ತೊಡಿಸಿದೆ, ತಲೆ ಬಾಚಲು ಮಾತ್ರ ವೇಣಿಯನ್ನೇ ಕೂಗಿದೆ. ಎತ್ತಿಕೊಳ್ಳಬೇಕೆಂದು ಕೈ ತುರಿಸುತ್ತಿತ್ತು. ಮಗು ಹತ್ತಿರ ಬಂದಾಗಲೆಲ್ಲ ಉಸಿರು ಬಿಗಿ ಹಿಡಿಯುತ್ತಿದ್ದೆ. ಅಷ್ಟು ದೂರದಿಂದ ಬಂದ ಮಗುವಿನ ಮುಂದೆ ನೀರಿನಲ್ಲಿ ಮುಳುಗಿದವಳ ಹಾಗೆ ಬದುಕುತ್ತಿದ್ದೆ.

ಮೂರನೇ ದಿನ ವೇಣಿ ಅಡುಗೆಮನೆಯಲ್ಲಿ ಹಿಡಿದು ನಿಲ್ಲಿಸಿದಳು. “ಅಮ್ಮಾ, ನಿನ್ನೆ ನೀರಿನ ಕ್ಯಾನ್ ಎತ್ತಿಟ್ಟೆ, ಆವಾಗ ಸೊಂಟ ನೋಯ್ಲಿಲ್ವಾ? ಇಂಚು ನನ್ನ ಕೇಳ್ತಾಳೆ, ಅಜ್ಜಿಗೆ ನಾನು ಬೇಡ್ವಾ ಅಂತ. ಏನ್ ಹೇಳ್ಲಿ?”

ಹೇಳಿಬಿಟ್ಟೆ. ಸುಟ್ಟ ವಾಸನೆ, ಭಯ, ಪೌಚು, ಎಲ್ಲ. ವೇಣಿ ಬೆಪ್ಪಾಗಿ ಕೇಳಿಸಿಕೊಂಡಳು. “ಇನ್ನೂ ಎಷ್ಟು ವರ್ಷ ಕಾಯ್ತೀಯಮ್ಮಾ?” ಎಂದಳು. ಗೊತ್ತಿಲ್ಲ ಎಂದೆ. ಅವಳು ಪಾನಕಕ್ಕೆ ಐಸ್ ತೆಗೆಯಲು ಫ್ರಿಜ್ಜಿನ ಬಾಗಿಲು ತೆಗೆದಳು.

ಹಿಂದೆಯೇ ಬಂದು ನಿಂತಿದ್ದ ಇಂಚರ ಪೌಚನ್ನು ಕಂಡಳು. ಬೆಳ್ಳಿಯ ಹಾಗೆ ಹೊಳೆಯುವ, ಉಬ್ಬಿದ ಪ್ಯಾಕೆಟ್ಟು.

“ಅಜ್ಜೀ, ಚಿಪ್ಸು! ಅಜ್ಜಿ ಬಚ್ಚಿಟ್ಟಿದೆ!”

“ಅದು ಚಿಪ್ಸ್ ಅಲ್ಲ ಪುಟ್ಟ,” ಎಂದಳು ವೇಣಿ.

“ನಂಗೆ ಬೇಕು. ಅಜ್ಜೀ, ತೆಗ್ದು ಕೊಡು.”

ನಾನು ಬೇಡ ಎನ್ನಬೇಕಿತ್ತು. ಬೇಡ ಎಂದು ಎರಡು ದಿನದಿಂದ ಹೇಳುತ್ತಲೇ ಇದ್ದೆನಲ್ಲ, ಬಾಯಿ ಬಿಡದೆ. ಮಗು ನನ್ನ ಮುಖವನ್ನು ನೋಡುತ್ತಿದ್ದ ರೀತಿಯಲ್ಲಿ ಆಗಲೇ ಅನುಮಾನವಿತ್ತು. ಇವಳು ಕೊಡುವವಳಲ್ಲ ಎಂಬ ಅನುಮಾನ. ನನ್ನ ಮೊಮ್ಮಗಳು ನನ್ನನ್ನು ಹಾಗೆ ನೋಡುವುದನ್ನು ನನ್ನಿಂದ ತಾಳಲಾಗಲಿಲ್ಲ. ಕತ್ತರಿ ತೆಗೆದುಕೊಂಡೆ.

“ಅಮ್ಮಾ, ಬೇಡ, ನಾನು ಅಂಗಡಿಯಿಂದ ತರ್ತೀನಿ,” ಎಂದಳು ವೇಣಿ.

ಕತ್ತರಿಸಿದೆ. ಪುಸ್ ಎಂದು ಗಾಳಿ ಹೋಯಿತು. ಮೊದಲನೇ ಉಸಿರಿಗೆಂದು ಬಗ್ಗುವಷ್ಟರಲ್ಲಿ ಇಂಚರ ಮೊಣಕೈಯವರೆಗೂ ಕೈ ತೂರಿಸಿ ಕುಲಾವಿಯನ್ನು ಎಳೆದುಬಿಟ್ಟಳು. ತಣ್ಣಗೆ ಸೆಟೆದಿದ್ದ ಬಿಳಿ ಬಟ್ಟೆ. ತಿರುಗಿಸಿ ನೋಡಿದಳು. ಪೌಚನ್ನು ಬೋರಲು ಹಾಕಿ ಕೊಡವಿದಳು. ಒಳಗೆ ಏನೂ ಇರಲಿಲ್ಲ. ತುಟಿ ಅದುರಿತು, ಕುಲಾವಿಯನ್ನು ಸಿಂಕಿನ ಕಡೆಗೆ ಎಸೆದು ಗಟ್ಟಿಯಾಗಿ ಅಳತೊಡಗಿದಳು.

ಒದ್ದೆ ನೆಲದ ಮೇಲೆ ಬಿದ್ದಿತ್ತು ಕುಲಾವಿ. ಓಡಿ ಎತ್ತಿಕೊಂಡಿದ್ದರೆ ಇನ್ನೂ ಸ್ವಲ್ಪ ಉಳಿದಿರುತ್ತಿತ್ತು. ಎಷ್ಟು ಬೇಗ ಹಾರಿಹೋಗುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಆ ಮನೆಯಲ್ಲಿ ಯಾರಿದ್ದರು? ಆದರೆ ಮಗು ಅಳುತ್ತಾ ಎರಡೂ ಕೈಯನ್ನು ಮೇಲಕ್ಕೆತ್ತಿ ನಿಂತಿತ್ತು, ತನ್ನ ತಾಯಿಯ ಕಡೆಗಲ್ಲ, ನನ್ನ ಕಡೆಗೆ.

ಎತ್ತಿಕೊಂಡೆ. ಭಾರವಾಗಿದ್ದಳು. ನನ್ನ ಕುತ್ತಿಗೆಗೆ ಮುಖ ಒತ್ತಿ ಬಿಕ್ಕಿದಳು, ಬೆವರಿದ ತಲೆ ನನ್ನ ಮೂಗಿನ ಕೆಳಗೇ ಬಂತು. ಎರಡು ದಿನ ಬಿಗಿ ಹಿಡಿದಿದ್ದ ಉಸಿರನ್ನು ಬಿಟ್ಟು, ಮತ್ತೆ ಒಳಗೆಳೆದುಕೊಂಡೆ.

ತಳ ಹಿಡಿದ ಗಂಜಿಯ ವಾಸನೆ. ಅದರ ಜೊತೆ ಸುಟ್ಟ ಕೂದಲಿನಂಥ ಇನ್ನೊಂದು ಘಾಟು. ಕಾಫಿಯದಲ್ಲ, ಕೊತ್ತಂಬರಿಯದಲ್ಲ, ಸೋಪಿನದಲ್ಲ. ಇಂಥ ಕೆಟ್ಟ ವಾಸನೆ ನನಗೆ ಇದುವರೆಗೆ ಬೇರೆ ಯಾವುದರಿಂದಲೂ ಬಂದಿರಲಿಲ್ಲ. ಇದು ಇವಳದು, ಇವಳೊಬ್ಬಳದೇ. ಕಣ್ಣು ಮುಚ್ಚಿದೆ. ನೂರು ಮಕ್ಕಳ ನಡುವೆ ಕತ್ತಲೆಯಲ್ಲಿ ಬಿಟ್ಟರೂ ನಾನು ಇವಳನ್ನು ಹುಡುಕಿ ತರಬಲ್ಲೆ.

“ಹೇಗಿದೆ ಅಮ್ಮಾ?” ವೇಣಿ ಪಿಸುಮಾತಿನಲ್ಲಿ ಕೇಳಿದಳು.

“ಗಬ್ಬು ನಾರ್ತಾಳೆ ಕಣೆ,” ಎಂದೆ. ಇಳಿಸು ಎಂದು ಮಗು ಕಾಲು ಒದೆಯುವವರೆಗೂ ಆ ತಲೆಯಿಂದ ಮೂಗು ತೆಗೆಯಲಿಲ್ಲ.